ಕರಾಚಿಯಿಂದ ಅತ್ತೆ ಮನೆಗೆ

ಗ್ಯಾಸ್ ಸಿಲಿಂಡರ್ ತಂದ ಹುಡುಗ ಬಾಗಿಲಲ್ಲಿ ನಿಂತು, "ಸಾರ್ ಇಲ್ವಾ ಮೇಡಂ? ಓಟಿಪಿ ಅವರ ಫೋನಿಗೆ ಹೋಗಿದೆ" ಅಂದ. ನನ್ನ ಹೆಂಡತಿ ತಲೆ ಎತ್ತದೆ ಹುರುಳಿಕಾಯಿ ಸೋಸುತ್ತಲೇ, "ಅವರು ಕರಾಚಿಯಿಂದ ಹೊರಟಿದ್ದಾರಪ್ಪ. ಅಹಮದಾಬಾದಿಗೆ ಬಂದು ಇಳಿಯೋಕೆ ಇನ್ನೂ ಒಂದು ಗಂಟೆ ಬೇಕು" ಅಂದಳು. ಹುಡುಗ ಸಿಲಿಂಡರ್ ಕೆಳಗಿಟ್ಟು ಒಳಗೆ ಇಣುಕಿದ. ಹಾಲಿನ ಮೂಲೆಯಲ್ಲಿ ನಾನು ಲುಂಗಿ ಬನಿಯನ್ನಿನಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕರಾಚಿಯಿಂದಾಚೆ ಎಲ್ಲೋ ಹಾರುತ್ತಿದ್ದೆ.

ನಿವೃತ್ತಿಯಾದ ಮೇಲೆ ಏನಾದರೂ ಹಿಡಿಯಬೇಕಲ್ಲ. ಸ್ನೇಹಿತರಲ್ಲಿ ಕೆಲವರು ಯೋಗ ಹಿಡಿದರು, ಕೆಲವರು ಸೈಟು ವ್ಯವಹಾರ. ನನಗೆ ಸಿಕ್ಕಿದ್ದು ಜಾಯ್‌ಸ್ಟಿಕ್ಕು. ಮಗ ಪುಣೆಗೆ ಕೆಲಸಕ್ಕೆ ಹೋಗುವಾಗ ತನ್ನ ದೊಡ್ಡ ಕಂಪ್ಯೂಟರನ್ನೂ ಅದರೊಳಗಿನ ಫ್ಲೈಟ್ ಸಿಮ್ಯುಲೇಟರನ್ನೂ, ಅಂದರೆ ಕೂತಲ್ಲೇ ವಿಮಾನ ಹಾರಿಸುವ ಆಟವನ್ನೂ, ಬಿಟ್ಟುಹೋಗಿದ್ದ. "ಆಗಾಗ ಧೂಳು ಹೊಡೀರಿ ಅಪ್ಪ, ಸಾಕು" ಅಂದಿದ್ದ. ನಾನು ಧೂಳು ಹೊಡೆಯಲು ಕೂತವನು ಹಾಗೇ ಹಾರಿಬಿಟ್ಟೆ.

ಮೊದಮೊದಲು ಬೆಂಗಳೂರಿಂದ ಮೈಸೂರಿಗೆ. ಅದು ಬೇಜಾರಾಯಿತು. ದೊಡ್ಡದೇನಾದರೂ ಮಾಡಬೇಕು ಅನ್ನಿಸಿದಾಗ ನೆನಪಾದವರು ಜೆ.ಆರ್.ಡಿ. ಟಾಟಾ. 1932ರ ಅಕ್ಟೋಬರ್ 15ರಂದು ಅವರು ಪುಸ್ ಮಾತ್ ಅನ್ನುವ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿಗೆ, ಅಲ್ಲಿಂದ ಬೊಂಬಾಯಿಯ ಜುಹೂಗೆ ಟಪಾಲು ಒಯ್ದರು. ಜುಹೂನಿಂದ ಮುಂದಕ್ಕೆ ನೆವಿಲ್ ವಿನ್ಸೆಂಟ್ ಅನ್ನುವ ಪೈಲಟ್ ಅದೇ ಟಪಾಲನ್ನು ಬಳ್ಳಾರಿ ಮೇಲಿಂದ ಮದ್ರಾಸಿಗೆ ತಲುಪಿಸಿದ. ಬಳ್ಳಾರಿ! ನನ್ನ ಅತ್ತೆ ಮನೆ. ಆ ಒಂದು ಹೆಸರು ನೋಡಿಯೇ ನಾನು ದಾರಿ ನಿಶ್ಚಯ ಮಾಡಿದ್ದು. ಮದ್ರಾಸಿನ ತನಕ ಹೆಚ್ಚೂಕಡಿಮೆ 2000 ಕಿಲೋಮೀಟರು. ಪುಸ್ ಮಾತ್ ನನ್ನ ಹತ್ತಿರ ಇರಲಿಲ್ಲ, ಸೆಸ್ನಾ 172 ಇತ್ತು. ಅದಕ್ಕೂ ಒಂದೇ ಎಂಜಿನ್ನು, ಇದಕ್ಕೂ ಒಂದೇ. ಅದಕ್ಕೂ ರೆಕ್ಕೆ ತಲೆ ಮೇಲೆ, ಇದಕ್ಕೂ ಅಷ್ಟೆ. ಸಾಕು, ಹೊಂದಿಕೊಂಡು ಹೋಗೋಣ ಅಂದುಕೊಂಡೆ.

ಜೆ.ಆರ್.ಡಿ. ಹತ್ತಿರ ರೇಡಿಯೋ ಇರಲಿಲ್ಲ. ಹಾಗಾಗಿ ನಾನೂ ಜಿಪಿಎಸ್ ಮುಚ್ಚಿದೆ. ಗೋಡೆಗೆ ನಕ್ಷೆ ಅಂಟಿಸಿದೆ. ಅವರು ಒಯ್ದದ್ದು 25 ಕಿಲೋ ಟಪಾಲು ಅಂತ ಓದಿದ್ದೆ, ಸಿಮ್ಯುಲೇಟರಿನಲ್ಲಿ ಹಿಂದಿನ ಸೀಟಿಗೆ ಅಷ್ಟೇ ಭಾರ ಹಾಕಿದೆ. ಇದನ್ನು ಹೆಮ್ಮೆಯಿಂದ ಹೆಂಡತಿಗೆ ಹೇಳಿದೆ.

"25 ಕಿಲೋ ಅಂದ್ರೆ ಒಂದು ಅಕ್ಕಿ ಮೂಟೆ ಅಲ್ವಾ?" ಅಂದಳು. "ಅದನ್ನ ಅಂಗಡಿಯಿಂದ ತನ್ನಿ ಅಂದ್ರೆ ಸೊಂಟ ನೋವು ಅಂತೀರಿ. ಕರಾಚಿಯಿಂದ ತರೋಕೆ ಏನೂ ಆಗಲ್ಲ."

ಹೊರಡುವುದೇ ಕಷ್ಟವಾಯಿತು. ಸೆಸ್ನಾದಂಥ ಸಿಂಗಲ್ ಎಂಜಿನ್ ವಿಮಾನಕ್ಕೆ ಪೂರ್ತಿ ಶಕ್ತಿ ಕೊಟ್ಟರೆ ಮುಂದಿನ ಪಂಖ ಸುತ್ತುವ ರಭಸಕ್ಕೆ ಮೂತಿ ಎಡಕ್ಕೆ ಎಳೆಯುತ್ತದೆ. ಬಲಗಾಲಲ್ಲಿ ರಡ್ಡರ್, ಅಂದರೆ ಬಾಲದ ಚುಕ್ಕಾಣಿಯ ಪೆಡಲ್, ಒತ್ತಿ ನೇರ ಮಾಡಬೇಕು. ನನಗೆ ಪೆಡಲ್ ಇಲ್ಲ, ಜಾಯ್‌ಸ್ಟಿಕ್ಕನ್ನೇ ತಿರುಚಬೇಕು. ಮೊದಲ ಸಲ ರನ್‌ವೇ ಬಿಟ್ಟು ಹುಲ್ಲಿಗೆ ಹೋದೆ. ಎರಡನೇ ಸಲ ಅದೇ ಹುಲ್ಲಿಗೆ. ಮೂರನೇ ಸಲ ಹೇಗೋ ಮೇಲೆದ್ದೆ. ಕರಾಚಿಯ ಆಕಾಶದಲ್ಲಿ ವೀಸಾ ಇಲ್ಲದ ಒಬ್ಬ ಕನ್ನಡಿಗ, ಯಾರೂ ಕೇಳಲಿಲ್ಲ.

ಮುಂದಿನದು ದಿಕ್ಕಿನ ಸಮಸ್ಯೆ. ಹೆಡಿಂಗ್, ಅಂದರೆ ವಿಮಾನದ ಮೂತಿ ಯಾವ ದಿಕ್ಕಿಗಿದೆ ಅನ್ನುವ ಮೂರಂಕಿ, ತೋರಿಸುವ ಉಪಕರಣದೊಳಗೆ ಒಂದು ಗೈರೋ ಬುಗುರಿಯ ಹಾಗೆ ಸುತ್ತುತ್ತಿರುತ್ತದೆ. ಅದು ಸ್ವಲ್ಪ ಸ್ವಲ್ಪವೇ ಸುಳ್ಳು ಹೇಳಲು ಶುರುಮಾಡುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಮೇಲಿನ ದಿಕ್ಸೂಚಿ ನೋಡಿ ಅದರ ಕಿವಿ ಹಿಂಡಬೇಕು. ನಾನು ಕಾಫಿ ಕುಡಿಯುತ್ತಾ ಅದನ್ನು ಪೂರ್ತಿ ನಂಬಿದ್ದೆ. ಒಂದೂಕಾಲು ಗಂಟೆಯ ಮೇಲೆ ಕೆಳಗೆ ಕಛ್‌ನ ರಣ್ ಕಾಣಬೇಕಿತ್ತು. ಬೆಳ್ಳಗೆ ಉಪ್ಪಿನ ಬಯಲು ಇರಬೇಕಾದ ಕಡೆ ನೀಲಿ ಕಂಡಿತು. ಎಡಕ್ಕೆ ನೀಲಿ, ಬಲಕ್ಕೂ ನೀಲಿ.

"ಏನ್ರೀ ಇದು, ಸಮುದ್ರ ಇದ್ದ ಹಾಗಿದೆ?" ಅಂದಳು ಹೆಂಡತಿ ಕಾಫಿ ಲೋಟ ಎತ್ತಿಕೊಳ್ಳಲು ಬಂದವಳು.

"ಕೊಲ್ಲಿ" ಅಂದೆ. ಅವಳು ಹೋದ ಮೇಲೆ ಕಳ್ಳನ ಹಾಗೆ ಜಿಪಿಎಸ್ ತೆರೆದು ನೋಡಿ, ಮತ್ತೆ ಮುಚ್ಚಿದೆ. ಗ್ಯಾಸಿನ ಹುಡುಗ ಬಂದದ್ದು ಇದೇ ಹೊತ್ತಿಗೆ. ಓಟಿಪಿ ಹೇಳುವಾಗ ಗಾಬರಿಯಲ್ಲಿ ಹೆಡಿಂಗನ್ನೇ ಹೇಳಿಬಿಟ್ಟೆ. "ಸಾರ್, ನಾಲ್ಕು ನಂಬರ್ ಬೇಕು, ಮೂರಲ್ಲ" ಅಂದ.

ಅಂತೂ ಅಹಮದಾಬಾದ್ ಕಂಡಿತು. ಸಾಬರಮತಿ ಕಂಡಿತು, ರನ್‌ವೇಯೂ ಕಂಡಿತು. ನಿಧಾನವಾಗಿ ಇಳಿಯಲು ರೆಕ್ಕೆಯ ಹಿಂಬದಿಯ ಫ್ಲಾಪ್ ಇಳಿಸಿದೆ. 500 ಅಡಿ ಎತ್ತರ. ಆಗ ಕರೆಂಟು ಹೋಯಿತು. ನಮ್ಮ ಮನೆಯ ಯುಪಿಎಸ್ ಗಟ್ಟಿ ಆಸಾಮಿ, ಕಂಪ್ಯೂಟರನ್ನು ಹಿಡಿದುಕೊಂಡಿತು. ನಾನು ನಿಟ್ಟುಸಿರು ಬಿಟ್ಟೆ. 300 ಅಡಿ. ಅಡಿಗೆಮನೆಯಲ್ಲಿ ಮಿಕ್ಸಿ ಗರ್ ಅಂದಿತು. ಯುಪಿಎಸ್ ಒಂದು ಸಲ ಕೀಂ ಅಂದು ಕೈಚೆಲ್ಲಿತು. ವಿಮಾನ, ಸಾಬರಮತಿ, ಅಹಮದಾಬಾದ್ ಎಲ್ಲವೂ ಕಪ್ಪಗಾದವು.

ವಿಮಾನ ಅಪಘಾತವಾದರೆ ವಿಚಾರಣೆ ನಡೆಯುತ್ತದೆ. ನಮ್ಮ ಮನೆಯಲ್ಲೂ ನಡೆಯಿತು. ಕಾರಣ, ಕಾಯಿ ಚಟ್ನಿ. ಆದರೆ ಆರೋಪಿ ತಪ್ಪೊಪ್ಪಿಕೊಳ್ಳಲಿಲ್ಲ. "ದೋಸೆ ಬೇಕು ಅಂದವರು ಯಾರು?" ಅಂತ ಮರುಪ್ರಶ್ನೆ ಹಾಕಿ ಪೈಲಟನ್ನೇ ಕಟಕಟೆಗೆ ಹತ್ತಿಸಿದಳು. ಅಹಮದಾಬಾದಿನಲ್ಲಿ ಜೆ.ಆರ್.ಡಿ.ಗೆ ಪೆಟ್ರೋಲು ಬಂದದ್ದು ಎತ್ತಿನಗಾಡಿಯಲ್ಲಂತೆ, ಡಬ್ಬಗಳಲ್ಲಿ ತುಂಬಿಸಿಕೊಂಡು. ಎತ್ತಿನಗಾಡಿ ಎಷ್ಟೋ ವಾಸಿ. ಮಿಕ್ಸಿ ಹಾಕಿದರೂ ನಿಲ್ಲುವುದಿಲ್ಲ. ಸೇವ್ ಮಾಡಿರಲಿಲ್ಲ, ಮಾರನೇ ದಿನ ಮತ್ತೆ ಕರಾಚಿಯಿಂದಲೇ ಹೊರಟೆ.

ಅಹಮದಾಬಾದಿನಿಂದ ಬೊಂಬಾಯಿ ಸಲೀಸಾಗಿತ್ತು. ಇಳಿಯುವ ತನಕ. ಜುಹೂ ಸಣ್ಣ ಏರೋಡ್ರೋಮು. ಅದರ ಮಗ್ಗುಲಲ್ಲೇ ಮುಂಬಯಿಯ ದೊಡ್ಡ ವಿಮಾನ ನಿಲ್ದಾಣ. ಎರಡಕ್ಕೂ ರನ್‌ವೇ ಹೆಚ್ಚೂಕಡಿಮೆ ಒಂದೇ ದಿಕ್ಕಿಗೆ. 1972ರಲ್ಲಿ ಜಪಾನಿನ ಒಂದು ದೊಡ್ಡ ಜೆಟ್ ವಿಮಾನ ದೊಡ್ಡ ನಿಲ್ದಾಣ ಅಂದುಕೊಂಡು ಜುಹೂಗೆ ಇಳಿದು, ರನ್‌ವೇ ಸಾಲದೆ ಆಚೆ ಹೋಗಿ ನಿಂತಿತ್ತು. ನಾನು ಅದನ್ನು ಸರಿದೂಗಿಸಿದೆ. ಜುಹೂ ಅಂದುಕೊಂಡು ದೊಡ್ಡ ನಿಲ್ದಾಣಕ್ಕೇ ಇಳಿದೆ. ಇದೇನಪ್ಪ, 1932ರ ಮಣ್ಣಿನ ಬಯಲು ಇಷ್ಟು ಅಗಲ ಆಗಿದೆಯಲ್ಲ ಅಂತ ಮೆಚ್ಚಿಕೊಳ್ಳುತ್ತಿದ್ದೆ. ಹಿಂದೆ ಒಂದು ಜಂಬೋ ಬಂದು ಹಾರ್ನ್ ಹೊಡೆಯದೆ ಕಾದು ನಿಂತಿತ್ತು. ರೇಡಿಯೋದಲ್ಲಿ ಯಾರೋ ಏನೋ ಅನ್ನುತ್ತಲೇ ಇದ್ದರು. ನನಗೆ ರೇಡಿಯೋ ಇಲ್ಲವಲ್ಲ, ಜೆ.ಆರ್.ಡಿ. ನಿಯಮ.

ಬಳ್ಳಾರಿಯ ದಿನ ಮನೆಯ ವಾತಾವರಣವೇ ಬೇರೆ. ಹೆಂಡತಿ ಬೇಗ ಅಡಿಗೆ ಮುಗಿಸಿದಳು. ಮಿಕ್ಸಿಯ ಪ್ಲಗ್ ಕಿತ್ತಿಟ್ಟಳು. ನನ್ನ ಪಕ್ಕ ಕುರ್ಚಿ ಎಳೆದುಕೊಂಡಳು. ಇಷ್ಟು ದಿನ ಆಟದ ಸಾಮಾನಾಗಿದ್ದ ವಿಮಾನ ಈಗ ತವರಿಗೆ ಹೊರಟಿತ್ತು.

ತುಂಗಭದ್ರಾ ಡ್ಯಾಮಿನ ನೀರು ಎದುರಿಗೆ ಕನ್ನಡಿಯ ಹಾಗೆ ಹರಡಿಕೊಂಡಾಗ ಇಬ್ಬರೂ ಸುಮ್ಮನಾದೆವು. ಪಾಪ, ವಿನ್ಸೆಂಟ್‌ಗೆ ಈ ಗುರುತು ಇರಲಿಲ್ಲ. ಆಗ ಡ್ಯಾಮೇ ಕಟ್ಟಿರಲಿಲ್ಲ. ಬಳ್ಳಾರಿ ಕೂಡ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ. ಇದನ್ನೆಲ್ಲ ಹೇಳಲು ಬಾಯಿ ತೆರೆದೆ. "ರೀ, ಕೋಟೆ ಗುಡ್ಡ!" ಅಂತ ಅವಳು ಕೂಗಿದಳು. ಊರ ನಡುವೆ ಬರೀ ಬಂಡೆಯ ಆ ಗುಡ್ಡ ನಿಜಕ್ಕೂ ಹಾಗೇ ಇತ್ತು.

"ಅಲ್ಲಿಂದ ಬಲಕ್ಕೆ. ಹೂಂ. ಇನ್ನೂ ಸ್ವಲ್ಪ ಕೆಳಗೆ ಹೋಗ್ರೀ, ಬೀದಿ ಕಾಣ್ತಿಲ್ಲ."

ಇಳಿದೆ. ಅವಳ ತವರುಮನೆಯ ಜಾಗದಲ್ಲಿ ಸಿಮ್ಯುಲೇಟರ್ ತನ್ನಿಷ್ಟಕ್ಕೆ ಮೂರಂತಸ್ತಿನ ಕೆಂಪು ಹೆಂಚಿನ ಮನೆ ಕಟ್ಟಿತ್ತು.

"ಇದಲ್ಲ ನಮ್ಮನೆ. ಬೇವಿನ ಮರ ಎಲ್ಲಿ? ಮುಂದೆ ಬೇವಿನ ಮರ ಇದೆಯಲ್ಲ? ಇನ್ನೊಂದು ಸುತ್ತು ಹೊಡೀರಿ."

ಇನ್ನೊಂದು ಸುತ್ತು ಹೊಡೆದೆ. "ನಿಧಾನ ಹೋಗ್ರೀ, ನೋಡೋಕೆ ಆಗ್ತಿಲ್ಲ" ಅಂದಳು. ನಿಧಾನ ಮಾಡಿದೆ. "ಈ ಕಡೆ ವಾಲಿಸಿ" ಅಂದಳು. ವಾಲಿಸಿದೆ. 60 ಡಿಗ್ರಿ ವಾಲಿಕೊಂಡು, ಎತ್ತರ ಬಿಡದೆ ತಿರುಗಿದರೆ ರೆಕ್ಕೆಯ ಮೇಲಿನ ಹೊರೆ ಎರಡರಷ್ಟಾಗುತ್ತದೆ. ಅದಕ್ಕೆ ವೇಗ ಬೇಕು. ವೇಗವನ್ನು ಅವಳು ಆಗಲೇ ಇಳಿಸಿಯಾಗಿತ್ತು. ವಿಮಾನವನ್ನು ಎತ್ತಿ ಹಿಡಿಯಲು ರೆಕ್ಕೆಗೆ ಇನ್ನಾಗದು ಅಂತ ಎಚ್ಚರಿಸುವ ಸ್ಟಾಲ್ ಹಾರ್ನ್ ಕುಂಯ್ ಅಂತ ಅಳಲು ಶುರುಮಾಡಿತು. "ಅದ್ಯಾಕೆ ಅಳ್ತಿದೆ?" ಅಂತ ಕೇಳಿದಳು. ಉತ್ತರ ಕೊಡಲು ಸಮಯ ಸಾಲಲಿಲ್ಲ. ಒಂದು ರೆಕ್ಕೆ ಕುಸಿಯಿತು, ಬಳ್ಳಾರಿ ಗರಗರ ತಿರುಗಿತು, 25 ಕಿಲೋ ಟಪಾಲು ಸಮೇತ ನಾನು ಅತ್ತೆ ಮನೆ ಬೀದಿಯಲ್ಲಿ ಬಿದ್ದೆ.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವಳು ಫೋನ್ ತೆಗೆದು ತಮ್ಮನಿಗೆ ಹೇಳಿದಳು. ಹೇಳುವಾಗ "ಸಿಮ್ಯುಲೇಟರ್" ಅನ್ನುವ ಪದ ಬಿಟ್ಟುಹೋಯಿತೋ, ಅವನಿಗೆ ಕೇಳಿಸಲಿಲ್ಲವೋ. ಐದು ನಿಮಿಷ ಆ ಕಡೆ ಭಾರೀ ಗದ್ದಲ. ವಿಷಯ ತಿಳಿದ ಮೇಲೆ ಅವನು ನನ್ನನ್ನು ಕರೆದ. "ಏನ್ ಭಾವ, ಮನಿ ಮ್ಯಾಲೆ ಮೂರು ಸುತ್ತು ಹೊಡದು ಒಳಗ ಬರಲಿಲ್ಲಂದ್ರ ಹೆಂಗ?"

ವಿನ್ಸೆಂಟ್ ಕೂಡ ಅವತ್ತು ರಾತ್ರಿ ಬಳ್ಳಾರಿಯಲ್ಲೇ ತಂಗಿ, ಮಾರನೇ ದಿನ ಮದ್ರಾಸಿಗೆ ಹೊರಟಿದ್ದ. ನಾನು ಇದನ್ನು ಹೇಳಬಾರದಿತ್ತು. "ನೋಡಿ, ಅವನಿಗಿದ್ದ ಬುದ್ಧಿ ನಿಮಗಿಲ್ಲ" ಅಂದು ಹೆಂಡತಿ ಅವತ್ತೇ ಹಂಪಿ ಎಕ್ಸ್‌ಪ್ರೆಸ್‌ಗೆ ಎರಡು ಟಿಕೆಟ್ ಮಾಡಿಸಿದಳು. ನನಗೆ ಮೇಲಿನ ಬರ್ತು. ರಾತ್ರಿಯಿಡೀ ಎತ್ತರ ಕಾಯ್ದುಕೊಂಡೇ ಹೋದೆ.

ಬಳ್ಳಾರಿಯ ಮನೆ ಮುಂದೆ ಆಟೋ ನಿಂತಿತು. ಬೇವಿನ ಮರ ಇತ್ತು. ಅತ್ತೆ ಕೈಯಲ್ಲಿ ನೀರಿನ ಚೊಂಬು ಹಿಡಿದು ಹೊರಗೆ ಬಂದರು. ಬೀದಿಯನ್ನೊಮ್ಮೆ, ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದರು.

"ಎಲ್ಲೂ ಪೆಟ್ಟಾಗಿಲ್ಲ ಹೌದಿಲ್ರೀ?" ಅಂದರು.