ಮುಖ ನೋಡುವ ಮೊದಲೇ ಹಣೆಪಟ್ಟಿ

ಇವತ್ತು ಸ್ಟಾಫ್ ರೂಮಿನಲ್ಲಿ ಕೇಳಿದ ಮಾತಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಹೊಸದಾಗಿ ಸೇರಿದ ಮೇಡಂ ಕ್ಲಾಸಿಗೆ ಕಾಲೇ ಇಟ್ಟಿರಲಿಲ್ಲ. ಅಷ್ಟರಲ್ಲೇ ಹಿರಿಯರೊಬ್ಬರು, "ಎಂಟನೇ ಕ್ಲಾಸ್ ತಾನೇ? ಹಿಂದಿನ ಬೆಂಚಿನವರ ಮೇಲೆ ಕಣ್ಣಿಟ್ಟಿರಿ. ಆ ಕಿಟಕಿ ಪಕ್ಕದವನಂತೂ ಉದ್ಧಾರ ಆಗಲ್ಲ. ಮೊದಲ ದಿನವೇ ಜೋರು ಮಾಡಿಬಿಡಿ, ಹುಡುಗರಿಗೆ ಭಯ ಬಿಟ್ಟು ಬೇರೇನೂ ಅರ್ಥ ಆಗಲ್ಲ" ಎಂದರು. ಪಾಪ, ಆ ಮೇಡಂ ಹೆಸರುಗಳನ್ನೆಲ್ಲ ಬರೆದುಕೊಂಡರು.

ಹುಡುಗನ ಮುಖ ನೋಡಿಲ್ಲ, ದನಿ ಕೇಳಿಲ್ಲ, ಆಗಲೇ ತೀರ್ಮಾನ ಆಗಿಹೋಯಿತು.

ನಿಮಗೆ ಗೊತ್ತಲ್ಲ, ನಾನು ಹೆಣ್ಣುಮಕ್ಕಳ ಶಾಲೆಯಲ್ಲೇ ಓದಿ, ಅಲ್ಲೇ ಪಾಠ ಮಾಡುತ್ತಿದ್ದವಳು. ಹುಡುಗರ ಶಾಲೆಗೆ ಬಂದಾಗ ನನಗೂ ಇಂಥದ್ದೇ ಪಟ್ಟಿ ಸಿಕ್ಕಿತ್ತು. ಅದರಲ್ಲಿದ್ದ ಒಬ್ಬನ ಮೇಲಿನ ದೊಡ್ಡ ದೂರು ಏನೆಂದರೆ, ಎದ್ದು ನಿಂತು ಓದು ಅಂದರೆ ಓದಲ್ಲ, ಬಾಯಿ ಬಿಡಲ್ಲ, ಸೊಕ್ಕು. ಸೊಕ್ಕಂತೆ! ಸುಮಾರು 12ರಿಂದ 15ರ ವಯಸ್ಸಿನಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪಗಾಗುತ್ತವೆ, ದನಿ ಹೆಚ್ಚುಕಮ್ಮಿ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಇಳಿಯುವ ಹೊತ್ತಿನಲ್ಲಿ ಒಂದೇ ವಾಕ್ಯದೊಳಗೆ ಎರಡು ಸಲ ಒಡೆಯುತ್ತದೆ. ಇಡೀ ಕ್ಲಾಸು ನಗುತ್ತದೆ. ಅಂಥ ಹುಡುಗ ಬಾಯಿ ಮುಚ್ಚಿಕೊಂಡು ನಿಂತರೆ ಅದು ನಾಚಿಕೆ. ಅವನು ಪಕ್ಕಕ್ಕೆ ಬಂದು ಮೆಲ್ಲಗೆ ಓದಿದಾಗ ಎಷ್ಟು ಚೆನ್ನಾಗಿ ಓದಿದ ಗೊತ್ತಾ?

ಇನ್ನೊಂದು, ನಾವು ಕಾಯುವುದೇ ಇಲ್ಲ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂರುವವರು ಕಡಿಮೆಯಾಗುತ್ತಾರೆ. ಬರೀ 3 ಸೆಕೆಂಡ್! ಅದನ್ನೂ ಕೊಡದೆ "ಇವನಿಗೆ ಏನೂ ಬರಲ್ಲ" ಅಂತ ಬರೆದಿಡುತ್ತೇವೆ.

ಹುಡುಗರು ಎದುರಿಗೆ ನಿಲ್ಲಿಸಿ "ಏನಾಯ್ತು ಹೇಳು" ಅಂದರೆ ಹೇಳುವುದು ಕಡಿಮೆ. ನೆಲ ನೋಡುತ್ತಾರೆ. ಅದೇ ನೋಟ್‌ಬುಕ್ ಕಟ್ಟು ಹೊತ್ತು ಜೊತೆಗೆ ನಡೆದು ಬರುವಾಗ, ಬೋರ್ಡ್ ಒರೆಸುವಾಗ, ಬೆಂಚು ಸರಿಸುವಾಗ ತಾವಾಗಿಯೇ ಶುರು ಮಾಡುತ್ತಾರೆ. ಶುರುವಾದರೆ ನಿಲ್ಲಿಸುವುದೇ ಕಷ್ಟ. ನನಗೆ ನನ್ನ ಹುಡುಗರ ಬಗ್ಗೆ ಏನೆಲ್ಲ ಗೊತ್ತಿದೆಯೋ ಅದರಲ್ಲಿ ಜಾಸ್ತಿ ಪಾಲು ಕಾರಿಡಾರಿನಲ್ಲೇ ಗೊತ್ತಾಗಿದ್ದು.

ಕಿಟಕಿ ಪಕ್ಕದ ಆ "ಉದ್ಧಾರ ಆಗದವನು" ಇದ್ದಾನಲ್ಲ, ಹಾಜರಿ ಕರೆಯುವಾಗ ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಎಲ್ಲ ಅವನಿಗೇ ಗೊತ್ತು. ಒಬ್ಬನ ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ, ಇನ್ನೊಬ್ಬನ ಶೂ ಹರಿದಿದೆ, ಹಾಗಾಗಿ ಬರಲು ನಾಚಿಕೆ. ಬಾರದವರಿಗೆ ಹೋಂವರ್ಕ್ ಏನು ಅಂತ ಮನೆಗೆ ಹೋಗಿ ಹೇಳಿ ಬರುವವನೂ ಅವನೇ. ಅವನಿಗೆ ಗಣಿತ ಬರಲ್ಲ, ನಿಜ. ಗಣಿತ ಕಲಿಸುವುದು ನಮ್ಮ ಕೆಲಸ ಅಲ್ವಾ? ಇದನ್ನು ಮಾತ್ರ ಯಾರೂ ಅವನಿಗೆ ಕಲಿಸಿದ್ದಲ್ಲ. ಇದನ್ನು ಆ ಪಟ್ಟಿಯಲ್ಲಿ ಯಾಕೆ ಬರೆಯಲ್ಲ? ಇವತ್ತು ನನ್ನನ್ನು ಉರಿಸಿದ್ದು ಇದೇ.

"ಅಷ್ಟೊಂದು ಹುಡುಗರಲ್ಲಿ ಒಬ್ಬೊಬ್ಬರನ್ನೂ ತಿಳಿದುಕೊಳ್ಳೋಕೆ ಟೈಮ್ ಎಲ್ಲಿದೆ ಮೇಡಂ, ಗಲಾಟೆ ತಡೆಯೋಕೇ ಆಗಲ್ಲ" ಅನ್ನುತ್ತಾರೆ. ಗಲಾಟೆ ಮಾಡುತ್ತಾರೆ, ಇಲ್ಲ ಅನ್ನಲ್ಲ. ಆದರೆ ಹೆದರಿಸಿದರೆ ಆ ಪೀರಿಯಡ್ ಮುಗಿಯುವ ತನಕ ಸುಮ್ಮನಿರುತ್ತಾರೆ, ಅಷ್ಟೇ. ಮರುದಿನ ಮತ್ತೆ ಜೋರು ಮಾಡಬೇಕು. ಆ ಸಮಯ ಎಲ್ಲಿಂದ ಬರುತ್ತದೆ? ಹೆಸರು ಹಿಡಿದು ಕರೆದು, "ಅಜ್ಜಿ ಹೇಗಿದ್ದಾರೋ?" ಅಂತ ಕೇಳಲು ಅದಕ್ಕಿಂತ ಕಡಿಮೆ ಸಮಯ ಸಾಕು.

ಇಲ್ಲಿರುವ ಟೀಚರ್ ಗೆಳೆಯರೇ, ಹೊಸಬರು ಬಂದು ಕ್ಲಾಸು ಹೇಗಿದೆ ಅಂತ ಕೇಳಿದರೆ ಯಾರಿಗೆ ಚಿತ್ರ ಬರೆಯುವುದು ಇಷ್ಟ, ಯಾರಿಗೆ ಬೋರ್ಡ್ ಸರಿಯಾಗಿ ಕಾಣಲ್ಲ, ಯಾರ ದನಿ ಈಗ ಒಡೆಯುತ್ತಿದೆ ಅಂತ ಹೇಳಿ. ಉಳಿದದ್ದನ್ನು ಅವರೇ ಹುಡುಗರ ಜೊತೆ ಮಾತಾಡಿ ತಿಳಿದುಕೊಳ್ಳಲಿ, ಬಿಡಿ.