ಜಗಲಿಗೆ ಗೆರೆ ಎಳೆದ ಮಾಣಿ

ಹೊರಗಿನದು ಮರೆಮಾಡಿ ಕಣ್ಣೆದುರು ಆಟದ ಲೋಕವನ್ನೇ ತೋರಿಸುವ ವಿಆರ್ ಹೆಡ್‌ಸೆಟ್ ತಲೆಗೇರಿಸಿದರೆ ಅದು ಮೊದಲು ಕೇಳುವುದು ಗಡಿ. ಆಡಲು ಎಷ್ಟು ಜಾಗ ಇದೆ, ಗೆರೆ ಎಳಿ ಅನ್ನುತ್ತದೆ. ಓಡಾಡುವ ಆಟಕ್ಕೆ ಸುಮಾರು 2 ಮೀಟರ್ ಉದ್ದ, 2 ಮೀಟರ್ ಅಗಲ ಇದ್ದರೆ ಚೆಂದ. ಗೆರೆ ಹತ್ತಿರ ಹೋದರೆ ಕಣ್ಣೆದುರು ಬಲೆಯಂಥ ಗೋಡೆ ಮೂಡುತ್ತದೆ.

ಶಿರಸಿ ಕಡೆಯ ಹಳ್ಳಿಮನೆ ಜಗಲಿಗೆ ಎಂಥ ಗಡಿ? ಒಂದು ಕಡೆ ತೂಗುಮಂಚ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವವರು ಮೆಟ್ಟುಗತ್ತಿ ಇಟ್ಟುಕೊಂಡು ಕೂತಿರುತ್ತಾರೆ. (ಆಗ ಹೆಡ್‌ಸೆಟ್ಟಿಗೆ ರಜೆ. ಅದು ಆಯಿ ಹಾಕಿದ ಗಡಿ, ಯಾರೂ ದಾಟಿಲ್ಲ.) ನೆಂಟರಂತೂ ಬಾಗಿಲು ತಟ್ಟಿ ಬರುವವರಲ್ಲ.

ಹಾಗೇ ಒಬ್ಬರು ಮದುವೆ ಹೇಳಿಕೆಗೆ ಬಂದರು. ಜಗಲಿಯಲ್ಲಿ ನನ್ನ ತಮ್ಮನ ಮಗ ಬಾಕ್ಸಿಂಗ್‌ನಲ್ಲಿದ್ದ. "ತಮಾ, ಎಲ್ಲರೂ ಬರವು" ಅಂದರು. ಮಾಣಿ ಎಡಗೈ ಬೀಸಿದ. ಕವಳದ ಹರಿವಾಣ ಹಾರಿತು. ಸುಣ್ಣದ ಡಬ್ಬಿ ಬಾಯಿ ಬಿಟ್ಟುಕೊಂಡು ಮದುವೆ ಕಾಗದದ ಮೇಲೆ, ಸರಿಯಾಗಿ ವರನ ಹೆಸರಿನ ಮೇಲೇ ಬಿತ್ತು. ಮಾಣಿ ಗೆದ್ದೆ ಅಂತ ಎರಡೂ ಕೈ ಎತ್ತಿದ.

"ಇವನಿಗೆ ಯಾವಾಗಿಂದ ಹೀಗೆ?" ನೆಂಟರು ಮೆಲ್ಲಗೆ ಕೇಳಿದರು.

ಇದಕ್ಕೆಲ್ಲ ಮದ್ದು ಬಂದಿದೆ. ಮೆಟಾ ಕಂಪನಿಯ ಕ್ವೆಸ್ಟ್ 2 ಹೆಡ್‌ಸೆಟ್ಟಿಗೆ 2021ರಲ್ಲೇ 'ಸ್ಪೇಸ್ ಸೆನ್ಸ್' ಬಂತು. ಗಡಿಯೊಳಗೆ ಜನವೋ ಬೆಕ್ಕೋ ನುಗ್ಗಿದರೆ ಗುಲಾಬಿ ಗೆರೆಯ ಆಕಾರ ಕಾಣುತ್ತದೆ. 2024ರಲ್ಲಿ ಬಂದ ಆಪಲ್ ವಿಷನ್ ಪ್ರೋ ಹಾಕಿಕೊಂಡವರಿಗೆ, ಹತ್ತಿರ ಬಂದವರು ಆಟದ ನಡುವೆಯೇ ತೂರಿ ಕಾಣುತ್ತಾರೆ. ಹಾಕಿಕೊಂಡವರ ಕಣ್ಣೂ ಹೊರಗಿನವರಿಗೆ ತೋರುತ್ತದೆ. ನನಗೆ ಹಿಡಿಸಿದ್ದು ಇದೇ. ಪೆಟ್ಟು ತಿನ್ನುವವರಿಗೂ ಒಂದು ಸೂಚನೆ ಬೇಡ್ವಾ? ಆದರೆ ಅಮೆರಿಕದಲ್ಲಿ ಅದರ ಬೆಲೆ 3,499 ಡಾಲರಿನಿಂದ ಶುರುವಾಗಿತ್ತು. ಅಷ್ಟು ದುಡ್ಡಿದ್ದರೆ ಮೊದಲು ಸೋರುವ ಮಾಡು ರಿಪೇರಿ.

ಸದ್ಯಕ್ಕೆ ಮಾಣಿಯ ಕಾಲಡಿಗೆ ಒಂದು ಸಣ್ಣ ಚಾಪೆ ಹಾಸಿದ್ದೇವೆ. ಕಾಲಿಗೆ ನೆಲ ತಣ್ಣಗೆ ತಾಗಿದರೆ ಎಲ್ಲೆ ದಾಟಿದೆ ಅಂತ ಅವನಿಗೇ ತಿಳಿಯುತ್ತದೆ. ಬರುವವರು ಯಕ್ಷಗಾನದ ಬಣ್ಣದ ವೇಷದ ಹಾಗೆ ದೂರದಿಂದಲೇ ಅಬ್ಬರಿಸುತ್ತಾ ಬರಬೇಕು. ಕರೆಯದೆ ಮೈ ಮುಟ್ಟಿದರೆ ಮಾಣಿ ಹೌಹಾರುತ್ತಾನೆ, ಆಮೇಲೆ ಕೈ ಯಾವ ಕಡೆ ಬರುತ್ತದೋ ಹೇಳಲಾಗದು.

ಇನ್ನೊಂದು ಉಪಾಯವೂ ಇದೆ. ನಮ್ಮ ಹೆಡ್‌ಸೆಟ್ಟಿನ ಪಕ್ಕಕ್ಕೆ ಎರಡು ಸಲ ತಟ್ಟಿದರೆ ಆಟ ಮರೆಯಾಗಿ ಹೊರಗಿನದು ಕಾಣುತ್ತದೆ. ಇದನ್ನು ಕೇಳಿ ಆಯಿಗೆ ಭಾರೀ ಖುಷಿ. ಊಟಕ್ಕೆ ಕರೆಯಲು ಈಗ ಅವರೇ ಬರುತ್ತಾರೆ. ಎರಡು ಸಲ, ಮೆಲ್ಲಗೆ ಅಂತ ಹೇಳಿಕೊಟ್ಟಿದ್ದೇನೆ. ಅವರು ಎಣಿಸುವುದಿಲ್ಲ.