ಇದ್ದೀವಿ ಸ್ವಾಮಿ, ನೋಡ್ತಾನೇ ಇದ್ದೀವಿ

ಮೊನ್ನೆ ಸಂಜೆ ಅವ್ವ ಟಿವಿಯ ಯೂಟ್ಯೂಬ್ ಆ್ಯಪಿನಲ್ಲಿ ಪ್ರವಚನ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಸ್ವಾಮಿಗಳು ಇನ್ನೇನು ಮುಕ್ತಿಯ ದಾರಿ ಹೇಳಬೇಕು, ತೆರೆದ ಬಾಯಿ ತೆರೆದಂತೆಯೇ ನಿಂತರು. ‘ವಿಡಿಯೊ ನಿಂತಿದೆ, ಮುಂದುವರಿಸುವಿರಾ?’ ಅವ್ವನ ಎರಡೂ ಕೈ ಜೋಳದ ಹಿಟ್ಟು. ‘ಏ ತಮ್ಮಾ, ಸ್ವಾಮ್ಯಾರು ನಿಂತ್‌ಬಿಟ್ರು, ರಿಮೋಟ್ ಒತ್ತು ಬಾರೋ’ ಅಂತ ಕೂಗಿದಳು. ನಾನು ರಿಮೋಟ್ ಹುಡುಕುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದಿತ್ತು.

ಎಂಥಾ ಕಾಳಜಿ! ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ದಾವಣಗೆರೆ ಎಷ್ಟು ವರ್ಷ ಬಿಸಿಲಲ್ಲಿ ನಿಂತಿತು, ‘ಇನ್ನೂ ನಿಂತಿದ್ದೀರಾ?’ ಅಂತ ಒಬ್ಬರಾದರೂ ಕೇಳಿದರೆ? ಈ ಭಾಗ್ಯ ಇದ್ದದ್ದು ಪಿಂಚಣಿದಾರರಿಗೆ ಮಾತ್ರ. ನವೆಂಬರ್ ಬಂತೆಂದರೆ ಅಪ್ಪ ಇಸ್ತ್ರಿ ಅಂಗಿ ತೊಟ್ಟು ಹೋಗಿ, ಬದುಕಿದ್ದೇನೆ ಅಂತ ಸಹಿ ಹಾಕಿ, ಬೆಣ್ಣೆದೋಸೆ ತಿಂದು ಬರುತ್ತಿದ್ದರು. 2014ರಲ್ಲಿ ಜೀವನ್ ಪ್ರಮಾಣ್ ಅನ್ನೋ ಡಿಜಿಟಲ್ ಪ್ರಮಾಣಪತ್ರ ಬಂತು, ಮನೆಯಲ್ಲೇ ಬೆರಳೊತ್ತಿದರೂ ಸಾಕು. ದೋಸೆ ತಪ್ಪುತ್ತದೆ ಅಂತ ಅಪ್ಪ ಒಪ್ಪಲಿಲ್ಲ. ಹೋಗಲಿ, ಸರ್ಕಾರಕ್ಕೆ ಅನುಮಾನ ಬರುವುದು ವರ್ಷಕ್ಕೊಂದು ಸಲ. ಈ ಆ್ಯಪಿಗೆ ಸಂಜೆಗೆ ಎರಡು ಸಲ.

ಹೀಗೆ ನಿಲ್ಲಿಸಿ ಕೇಳುವುದು ನಿದ್ದೆ ಹೋದವರ ಡೇಟಾ ಉಳಿಯಲಿ ಅಂತಂತೆ. ನಮ್ಮ ಸ್ಪರ್ಧೆ ನಿದ್ದೆಯ ಜೊತೆ ಅಂತ 2017ರಲ್ಲಿ ನೆಟ್‌ಫ್ಲಿಕ್ಸ್‌ನ ಅಂದಿನ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಹೇಳಿದ್ದರು. ಒಂದು ಮುಗಿಯುವ ಮೊದಲೇ ಇನ್ನೊಂದನ್ನು ತಾವೇ ಬಡಿಸುವವರು, ಆಮೇಲೆ ‘ಹೊಟ್ಟೆ ತುಂಬಿತಾ?’ ಅಂತ ಎಲೆ ಎಳೆದುಕೊಳ್ಳುವವರೂ ತಾವೇ.

ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. ವಿಶ್ರಾಂತಿ ತಗೊಳ್ಳಿ ಅಂತ ನೆನಪಿಸುವ ಗುಂಡಿ ಸಿಕ್ಕಿತು, ಈ ಪ್ರಶ್ನೆಯನ್ನು ಆರಿಸುವ ಗುಂಡಿ ಸಿಗಲಿಲ್ಲ. ಕಂಪ್ಯೂಟರಿನಲ್ಲಾದರೆ ಬ್ರೌಸರಿಗೊಂದು ಎಕ್ಸ್‌ಟೆನ್ಷನ್ ಹಾಕಬಹುದು. ಕಾಲೇಜಿನಲ್ಲಿ ಗೆಳೆಯನ ಹಾಜರಿ ಕೂಗಿದ ಹಾಗೆ ನಮ್ಮ ಪರವಾಗಿ ಅದೇ ‘ಹೌದು’ ಒತ್ತುತ್ತದೆ. ಯಂತ್ರ ಕೇಳುತ್ತದೆ, ಯಂತ್ರ ಹೇಳುತ್ತದೆ, ನಡುವೆ ನಾವು ಹಾಯಾಗಿ ಗೊರಕೆ ಹೊಡೆಯಬಹುದು. ನಮ್ಮ ಟಿವಿಗೆ ಆ ಪುಣ್ಯವೂ ಇಲ್ಲ.

ಜಾಹೀರಾತಿನ ನಡುವೆ ಮಾತ್ರ ಈ ಪ್ರಶ್ನೆ ಬಂದದ್ದು ನಾನು ಕಂಡಿಲ್ಲ. ಖಾಲಿ ಪಡಸಾಲೆಯಲ್ಲಿ ಮಂಚ, ಕುರ್ಚಿಗೆ ಸೋಪು ಮಾರಿದರೂ ಯಾರಿಗೂ ಅನುಮಾನವಿಲ್ಲ. ದುಡ್ಡು ನಮ್ಮದು, ಕರೆಂಟು ನಮ್ಮದು, ಡೇಟಾ ನಮ್ಮದು. ಹಚ್ಚಿದವರು ಆರಿಸೋವರೆಗೆ ನಡೀಲಿ ಅಂದರೆ ಅದೇನು ದೊಡ್ಡ ಬೇಡಿಕೆಯೇ? ಸಾಕಾಗಿದೆ ಕಣ್ರಪ್ಪಾ.

ಈಗ ರೊಟ್ಟಿ ಬಡಿಯುವ ಹೊತ್ತಿಗೆ ಮೊಮ್ಮಗನೇ ರಿಮೋಟ್ ಹಿಡಿದು ಕಾವಲು ಕೂರುತ್ತಾನೆ. ಕೂಲಿ, ಒಂದು ಪ್ಲೇಟ್ ಮಂಡಕ್ಕಿ, ಎರಡು ಮಿರ್ಚಿ. ನಿನ್ನೆಯಿಂದ ಮೂರು ಕೇಳುತ್ತಿದ್ದಾನೆ.